ಕ್ರೆಡಿಟ್ ಕಾರ್ಡ್ ಬಿಲ್ ತಡ ಆದ್ರೆ ಹೋಗೋ ದುಡ್ಡಿನ ಲೆಕ್ಕ

ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟೋ ದಿನ ದಾಟಿದ್ರೆ ಏನಾಗುತ್ತೆ ಅಂತ ಯಾರನ್ನ ಬೇಕಾದ್ರೂ ಕೇಳಿ, ಲೇಟ್ ಫೀ ಬೀಳುತ್ತೆ ಅಂತಾರೆ. ಬೀಳುತ್ತೆ ನಿಜ, ಬಾಕಿ ಎಷ್ಟಿದೆ ಅನ್ನೋದರ ಮೇಲೆ ಕೆಲವು ನೂರು ರೂಪಾಯಿಂದ ಹಿಡಿದು ಸಾವಿರದ ಮುನ್ನೂರರ ತನಕ ಹಾಕ್ತಾರೆ, ಅದರ ಮೇಲೆ 18% ಜಿಎಸ್‌ಟಿ ಬೇರೆ. ಆದ್ರೆ ಜನ ಅದೊಂದನ್ನೇ ನೋಡ್ಕೊಂಡು, ಹೋಗ್ಲಿ ಬಿಡು ಸಾವಿರ ರೂಪಾಯಿ ತಾನೆ ಅಂತ ಸುಮ್ಮನಾಗಿಬಿಡ್ತಾರಲ್ಲ, ಅಲ್ಲಿಂದಲೇ ತೊಂದರೆ ಶುರುವಾಗೋದು. ದೊಡ್ಡ ಮೊತ್ತ ಹೋಗೋದು ಬಡ್ಡಿಗೆ, ಆ ಬಡ್ಡಿ ಯಾವ ದಿನದಿಂದ ಲೆಕ್ಕ ಆಗುತ್ತೆ ಅನ್ನೋದು ಕಾರ್ಡ್ ಇಟ್ಕೊಂಡಿರೋ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.

ನನ್ನ ಹೆಂಡ್ತಿ ತಮ್ಮ ತುಮಕೂರಲ್ಲಿದಾನೆ, ಚಿಕ್ಕ ಸಂಸಾರ, ಮಗಳು ಒಂದನೇ ಕ್ಲಾಸು. ಜೂನ್‌ನಲ್ಲಿ ಸ್ಕೂಲ್ ಫೀಸ್ ಕಾರ್ಡಲ್ಲಿ ಕಟ್ಟಿದ್ದ, ಆಮೇಲೆ ಬಿಲ್ ಬಂದಾಗ ಕೈಯಲ್ಲಿ ಅಷ್ಟು ದುಡ್ಡಿಲ್ಲದೆ ಮಿನಿಮಮ್ ಡ್ಯೂ, ಅಂದ್ರೆ ಕನಿಷ್ಠ ಇಷ್ಟಾದ್ರೂ ಕಟ್ಟಿ ಅಂತ ಬಿಲ್‌ನಲ್ಲಿ ಕೇಳೋ ಮೊತ್ತ, ಅಷ್ಟು ಮಾತ್ರ ಕಟ್ಟಿ ನಿಶ್ಚಿಂತೆಯಾಗಿದ್ದ. ಮುಂದಿನ ತಿಂಗಳು ಫೋನ್ ಮಾಡಿ "ಭಾವ, ದುಡ್ಡು ಕಟ್ಟಿದ ಮೇಲೂ ಬಿಲ್ ಜಾಸ್ತಿ ತೋರಿಸ್ತಿದೆ, ಇವ್ರೇನೋ ತಪ್ಪು ಮಾಡಿದಾರೆ ಅನ್ಸುತ್ತೆ" ಅಂದ. ಸ್ಟೇಟ್‌ಮೆಂಟ್ ಕಳಿಸಪ್ಪ ಅಂದೆ. ಪಿಡಿಎಫ್ ತೆಗೆದು ನೋಡಿದ್ರೆ ಎಲ್ಲ ಸರಿಯಾಗೇ ಇದೆ, ಕಾರ್ಡ್ ಕೊಟ್ಟೋರು ಅವರ ನಿಯಮದ ಪ್ರಕಾರವೇ ಲೆಕ್ಕ ಹಾಕಿದಾರೆ. ಲೆಕ್ಕ ತಿಳಿಯೋದು ಸುಲಭ ಆಗ್ಲಿ ಅಂತ ಅಂಕಿಗಳನ್ನ ರೌಂಡ್ ಮಾಡಿ, ಬೇರೆ ಖರ್ಚೆಲ್ಲ ತೆಗೆದು ಹೇಳ್ತೀನಿ, ನಿಧಾನವಾಗಿ ಓದಿ.

ಜೂನ್ 10ಕ್ಕೆ 50,000 ಫೀಸ್ ಕಟ್ಟಿದ್ದು. ಜೂನ್ 20ಕ್ಕೆ ಬಿಲ್ ಆಯ್ತು. ಕಟ್ಟೋಕೆ ಕೊನೆ ದಿನ ಜುಲೈ 10. ಮಿನಿಮಮ್ ಡ್ಯೂ ಶೇಕಡಾ 5 ಅಂದ್ರೆ 2,500 ರೂಪಾಯಿ, ಅದನ್ನ ಜುಲೈ 10ಕ್ಕೇ ಕಟ್ಟಿದ. ಇನ್ನು ಉಳಿದ 47,500ಕ್ಕೆ ಜುಲೈ 10ರಿಂದ ಬಡ್ಡಿ ಶುರುವಾಗುತ್ತೆ ಅಂತ ತಾನೆ ಯಾರಾದ್ರೂ ಅನ್ಕೊಳ್ಳೋದು? ಹಾಗಲ್ಲ. ಪೂರ್ತಿ ಬಿಲ್ ಕಟ್ಟದೇ ಹೋದ ತಕ್ಷಣ ಬಡ್ಡಿ ಇಲ್ಲದ ಅವಧಿ ಅಂತ ಏನು ಕೊಟ್ಟಿದ್ರು, ಅದು ವಾಪಸ್ ಹೋಗುತ್ತೆ. ಬಡ್ಡಿ ಕಾರ್ಡ್ ಉಜ್ಜಿದ ದಿನದಿಂದ, ಅಂದ್ರೆ ಜೂನ್ 10ರಿಂದ ಲೆಕ್ಕ ಆಗುತ್ತೆ, ಅದೂ ಪೂರ್ತಿ 50,000ದ ಮೇಲೆ. ತಿಂಗಳಿಗೆ ಮೂರೂವರೆ ಪರ್ಸೆಂಟ್, ವರ್ಷಕ್ಕೆ 42. ಜೂನ್ 10ರಿಂದ ಜುಲೈ 10ಕ್ಕೆ 30 ದಿನದ ಬಡ್ಡಿ 1,726 ರೂಪಾಯಿ. ಅಲ್ಲಿಂದ ಮುಂದಿನ ಬಿಲ್ ದಿನ ಜುಲೈ 20ರ ತನಕ 47,500ಕ್ಕೆ ಇನ್ನೊಂದು 547. ಎರಡೂ ಸೇರಿ 2,273, ಅದರ ಮೇಲೆ ಜಿಎಸ್‌ಟಿ 409. ಒಟ್ಟು 2,682 ರೂಪಾಯಿ. ಕಟ್ಟಿದ್ದು 2,500. ಹೊಸ ಬಿಲ್‌ನಲ್ಲಿ ಬಾಕಿ 50,182 ಅಂತ ಬಂದಿದೆ. ಒಂದು ಪೈಸೆ ಹೊಸದಾಗಿ ಖರ್ಚು ಮಾಡಿಲ್ಲ, ದಿನಕ್ಕೆ ಸರಿಯಾಗಿ ಕಟ್ಟಿದಾನೆ, ಆದ್ರೂ ಸಾಲ ಏರಿದೆ.

ಇದು ತಡ ಮಾಡದೇ ಮಿನಿಮಮ್ ಕಟ್ಟಿದವನ ಕಥೆ. ಅದನ್ನೂ ಕಟ್ಟದೇ ಹೋಗಿದ್ರೆ ಬಡ್ಡಿ, ಲೇಟ್ ಫೀ, ಎರಡರ ಮೇಲಿನ ಜಿಎಸ್‌ಟಿ ಎಲ್ಲ ಸೇರಿ ಮೊದಲ ತಿಂಗಳೇ ನಾಲ್ಕು ಸಾವಿರದ ಆಸುಪಾಸು ಹೋಗ್ತಿತ್ತು.

ನಮ್ಮೂರ ಕಡೆ ಸಾಲದ ಮಾತು ಬಂದ್ರೆ ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ ಅಂತ ಕೇಳ್ತಾರೆ. ಎರಡು ರೂಪಾಯಿ ಬಡ್ಡಿ ಅಂದ್ರೆನೇ ಮನೆಯ ಹಿರಿಯರು ಬೇಡ ಕಣೋ ಅಂತಾರೆ, ಮೂರು ರೂಪಾಯಿ ಅಂದ್ರೆ ಎದ್ದು ಬಂದುಬಿಡ್ತಾರೆ. ಕಾರ್ಡ್‌ದು ಮೂರೂವರೆ ರೂಪಾಯಿ ಬಡ್ಡಿ, ಕೆಲವು ಕಾರ್ಡ್‌ಗಳದ್ದು ಮೂರೂ ಮುಕ್ಕಾಲು. ಅದನ್ನ ಹೀಗೆ ರೂಪಾಯಿ ಲೆಕ್ಕದಲ್ಲಿ ಯಾರೂ ಹೇಳಲ್ಲ, ಅದಕ್ಕೇ ಯಾರಿಗೂ ಭಯ ಆಗಲ್ಲ. ನಮ್ಮ ರಾಜ್ಯದಲ್ಲಿ ಮೀಟರ್ ಬಡ್ಡಿ ದಂಧೆ ತಡೆಯೋಕೆ 2004ರಲ್ಲೇ ಕಾಯ್ದೆ ಬಂತು, ಆದ್ರೆ ಬ್ಯಾಂಕ್‌ಗಳು ಆರ್‌ಬಿಐ ಕೆಳಗೆ ಬರೋದ್ರಿಂದ ಕಾರ್ಡ್ ಬಡ್ಡಿಗೆ ಆ ದಾರಿ ಇಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕ್ರೆಡಿಟ್ ಕಾರ್ಡ್ ಬಾಕಿ ಮೇಲೆ ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ಹಾಕೋದು ಅನ್ಯಾಯದ ವ್ಯಾಪಾರ ಅಂತ ಹೇಳಿತ್ತು, ಆದ್ರೆ 2024ರ ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶವನ್ನ ರದ್ದು ಮಾಡ್ತು, ಬಡ್ಡಿ ದರದ ವಿಷಯ ಆಯೋಗದ್ದಲ್ಲ ಅಂತ. ಅಂದ್ರೆ ಈ ಬಡ್ಡಿಗೆ ಮೇಲಿನ ಮಿತಿ ಅಂತ ಗ್ರಾಹಕನ ಕೈಲಿ ಹಿಡಿದು ತೋರಿಸೋಕೆ ಏನೂ ಉಳಿದಿಲ್ಲ. ನನಗೆ ಇದು ಸರಿ ಅನ್ನಿಸಲ್ಲ, ಹತ್ತು ಹನ್ನೊಂದು ಪರ್ಸೆಂಟಿಗೆ ಪರ್ಸನಲ್ ಲೋನ್ ಸಿಗೋ ಮನುಷ್ಯನಿಗೇ 42 ಹಾಕೋದು ಯಾವ ನ್ಯಾಯ? ಆದ್ರೆ ಇವತ್ತಿನ ಪರಿಸ್ಥಿತಿ ಇದು, ನಾವು ನಮ್ಮ ಹುಷಾರಲ್ಲಿ ಇರ್ಬೇಕು.

ಇನ್ನೊಂದು ವಿಷಯ ಅವನಿಗೆ ಹೇಳಿದಾಗ ನಂಬಲೇ ಇಲ್ಲ. ಹಳೇ ಬಾಕಿ ಪೂರ್ತಿ ತೀರೋ ತನಕ ಹೊಸದಾಗಿ ಆ ಕಾರ್ಡಲ್ಲಿ ಏನು ತಗೊಂಡ್ರೂ, ಒಂದು ಲೀಟರ್ ಪೆಟ್ರೋಲ್ ಹಾಕಿಸಿದ್ರೂ ಸೈತ, ಅವತ್ತಿಂದಲೇ ಬಡ್ಡಿ. 45-50 ದಿನ ಬಡ್ಡಿ ಇಲ್ಲ ಅಂತ ಕಾರ್ಡ್ ಕೊಡುವಾಗ ಹೇಳಿರ್ತಾರಲ್ಲ, ಅದು ಹಿಂದಿನ ಬಿಲ್ ಪೂರ್ತಿ ಕಟ್ಟಿದೋರಿಗೆ ಮಾತ್ರ. ಅದಕ್ಕೆ ಒಂದು ತಿಂಗಳು ಪೂರ್ತಿ ಕಟ್ಟೋಕೆ ಆಗ್ಲಿಲ್ಲ ಅಂದ್ರೆ ಮೊದಲು ಮಾಡಬೇಕಾದ ಕೆಲಸ ಆ ಕಾರ್ಡನ್ನ ಬೀರುವಿನಲ್ಲಿಟ್ಟು, ಕ್ಯಾಶೋ ಯುಪಿಐಯೋ ಬಳಸೋದು. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ದುಡ್ಡು ತೆಗೆಯೋದಂತೂ ಬೇಡವೇ ಬೇಡ, ಅದಕ್ಕೆ ಯಾವತ್ತೂ ಬಡ್ಡಿ ಇಲ್ಲದ ಅವಧಿ ಇಲ್ಲ, ಜೊತೆಗೆ ತೆಗೆದಿದ್ದಕ್ಕೇ ಒಂದು ಚಾರ್ಜು.

ಸರಿ, ದಿನ ಮರೆತೇ ಹೋಯ್ತು, ಒಂದೆರಡು ದಿನ ದಾಟಿದೆ ಅಂದ್ರೆ? ಗಾಬರಿ ಬೀಳಬೇಡಿ. ಆರ್‌ಬಿಐ ನಿಯಮದ ಪ್ರಕಾರ ಡ್ಯೂ ಡೇಟ್ ಆಗಿ ಮೂರು ದಿನಕ್ಕಿಂತ ಜಾಸ್ತಿ ಆದ್ರೆ ಮಾತ್ರ ಲೇಟ್ ಫೀ ಹಾಕೋ ಹಾಗಿದೆ, ಯಾರು ಸಾಲ ಹೇಗೆ ತೀರಿಸಿದಾರೆ ಅನ್ನೋ ದಾಖಲೆ ಇಡೋ ಸಿಬಿಲ್‌ನಂಥ ಕಂಪನಿಗಳಿಗೆ ಬಾಕಿ ಅಂತ ವರದಿ ಮಾಡೋದೂ ಆಮೇಲೇ. ಅಷ್ಟರಲ್ಲಿ ಕಟ್ಟಿಬಿಟ್ರೆ ಅವೆರಡರಿಂದ ಪಾರು. ಆದ್ರೆ ನಾಲ್ಕನೇ ದಿನ ಆದ್ರೆ ತಡದ ಲೆಕ್ಕ ಒಂದು ದಿನ ಅಂತ ಅಲ್ಲ, ಡ್ಯೂ ಡೇಟಿಂದಲೇ ಎಣಿಸ್ತಾರೆ. ಆ ಮೂರು ದಿನದ ರಿಯಾಯಿತಿ ಮಾಮೂಲಿ ಬಡ್ಡಿಗೆ ಇಲ್ಲ, ಅದನ್ನ ಮರೀಬೇಡಿ. ಬೇರೆ ಆ್ಯಪ್ ಮೂಲಕ ಕಟ್ಟಿದ್ರೆ ಕೆಲವು ಸಲ ಕಾರ್ಡ್ ಅಕೌಂಟಿಗೆ ಜಮೆ ಆಗೋಕೆ ಒಂದೆರಡು ದಿನ ಹಿಡಿಯುತ್ತೆ, ಕೊನೇ ದಿನ ರಾತ್ರಿ ಕಟ್ಟೋ ಅಭ್ಯಾಸ ಇರೋರು ಇದನ್ನ ಗಮನಿಸಿ. ಸಂಬಳ ಬರೋ ದಿನಕ್ಕೂ ಡ್ಯೂ ಡೇಟಿಗೂ ಹೊಂದ್ತಾ ಇಲ್ಲ ಅಂದ್ರೆ ಬಿಲ್ಲಿಂಗ್ ಸೈಕಲ್, ಅಂದ್ರೆ ಬಿಲ್ ಆಗೋ ದಿನ, ಬದಲಾಯಿಸಿ ಕೊಡಿ ಅಂತ ಕೇಳಬಹುದು, ಕನಿಷ್ಠ ಒಂದು ಸಲ ಆದ್ರೂ ಆ ಅವಕಾಶ ಕೊಡಲೇಬೇಕು ಅಂತ ಅದೇ ನಿಯಮದಲ್ಲಿದೆ.

ಇನ್ನು ಸಿಬಿಲ್. ಆಗ ಹೇಳಿದ ಬಡ್ಡಿ ಈ ತಿಂಗಳೇ ಕಣ್ಣಿಗೆ ಕಾಣುತ್ತೆ, ಇದು ಎರಡು ಮೂರು ವರ್ಷ ಆದ್ಮೇಲೆ ಎದುರು ಬಂದು ನಿಲ್ಲುತ್ತೆ. ಸಿಬಿಲ್ ರಿಪೋರ್ಟ್ ತೆಗೆದು ನೋಡಿದ್ರೆ ಪ್ರತಿ ಕಾರ್ಡು ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿಗೊಂದು ಚಿಕ್ಕ ಚೌಕ ಇರುತ್ತೆ, ಹಿಂದಿನ 36 ತಿಂಗಳದ್ದು. ಸರಿಯಾಗಿ ಕಟ್ಟಿದ ತಿಂಗಳಿಗೆ 000 ಅಂತಿರುತ್ತೆ, ತಡವಾಗಿದ್ರೆ ಎಷ್ಟು ದಿನ ತಡ ಅನ್ನೋ ಅಂಕಿ. ಮನೆ ಸಾಲಕ್ಕೆ ಹೋದಾಗ ಲೋನ್ ಆಫೀಸರ್ ಸಿಬಿಲ್ ಕೊಡೋ ಸ್ಕೋರ್ ನೋಡಿ ಅಲ್ಲಿಗೇ ನಿಲ್ಲಿಸಲ್ಲ, ಆ ಚೌಕಗಳನ್ನೂ ನೋಡ್ತಾರೆ. ಈಗಂತೂ ಎಷ್ಟೋ ಬ್ಯಾಂಕ್‌ಗಳಲ್ಲಿ ಮನೆ ಸಾಲದ ಬಡ್ಡಿ ದರವೇ ಸ್ಕೋರ್ ಮೇಲೆ ನಿಂತಿದೆ. 50 ಲಕ್ಷ, 20 ವರ್ಷಕ್ಕೆ ಸಾಲ ಅಂತ ಇಟ್ಕೊಳ್ಳಿ, 8.5 ಪರ್ಸೆಂಟಿಗೆ ಸಿಕ್ರೆ ಇಎಂಐ 43,391 ರೂಪಾಯಿ, 9 ಪರ್ಸೆಂಟಾದ್ರೆ 44,986. ತಿಂಗಳಿಗೆ ಸಾವಿರದ ಐನೂರು ಚಿಲ್ಲರೆ, ಆದ್ರೆ 20 ವರ್ಷದಲ್ಲಿ ಮೂರು ಲಕ್ಷ 80 ಸಾವಿರದ ಮೇಲೆ. ಯಾವತ್ತೋ ಎರಡು ಸಾವಿರದ ಬಿಲ್ ಉದಾಸೀನ ಮಾಡಿ ತಿಂಗಳುಗಟ್ಟಲೆ ಬಿಟ್ಟಿದ್ದಕ್ಕೆ ಇಷ್ಟು ತೆರೋದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ, ದಯವಿಟ್ಟು ತೆಗೆದು ನೋಡಿ, ನೀವು ಕಟ್ಟಿರೋದನ್ನೇ ಬಾಕಿ ಅಂತ ತೋರಿಸ್ತಿದ್ರೆ ತಕರಾರು ಹಾಕಿ. 30 ದಿನದೊಳಗೆ ಸರಿ ಮಾಡದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.

ತಿಂಗಳುಗಟ್ಟಲೆ ಕಟ್ಟದೇ ಹೋದ್ರೆ, ಮಿನಿಮಮ್ ಕೂಡ ಬರದೆ 90 ದಿನ ದಾಟಿದ್ರೆ ಅಕೌಂಟ್ ಎನ್‌ಪಿಎ, ಅಂದ್ರೆ ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತೆ. ಅಷ್ಟರಲ್ಲಿ ಸಾಲ ವಸೂಲಿ ಮಾಡೋ ರಿಕವರಿಯವರ ಫೋನ್ ಶುರುವಾಗಿರುತ್ತೆ. ಹೆದರಬೇಡಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಅವರು ಫೋನ್ ಮಾಡೋ ಹಾಗಿಲ್ಲ, ಬೈಯೋದು, ನಿಮ್ಮ ಮನೆಯವರಿಗೆ ಸ್ನೇಹಿತರಿಗೆ ಕಾಟ ಕೊಡೋದು ಮಾಡೋ ಹಾಗಿಲ್ಲ. ಮಾಡಿದ್ರೆ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಸರಿಯಿಲ್ಲ ಅಂದ್ರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಿ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ. ಇದೇ ಸಮಯದಲ್ಲಿ ಅರ್ಧ ಕಟ್ಟಿ ಸಾಕು, ಸೆಟಲ್‌ಮೆಂಟ್ ಮಾಡ್ಕೊಳ್ಳೋಣ ಅಂತನೂ ಕರೆ ಬರುತ್ತೆ. ಬೇರೆ ದಾರಿಯೇ ಇಲ್ಲದೋರು ಒಪ್ಕೊಳ್ಳಲಿ, ತಪ್ಪು ಅನ್ನಲ್ಲ, ಆದ್ರೆ ರಿಪೋರ್ಟಲ್ಲಿ ಅದು ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತ ಬರುತ್ತೆ, ಅದನ್ನ ನೋಡಿದ ಬ್ಯಾಂಕಿನೋರು ಹೊಸ ಸಾಲ ಕೊಡೋಕೆ ಹಿಂದೆಮುಂದೆ ನೋಡ್ತಾರೆ.

ಭಾವಮೈದನಿಗೆ ನಾನು ಹೇಳಿದ್ದು ಇಷ್ಟೇ, ಈ ಸಾಲವನ್ನ ಕಾರ್ಡ್ ಮೇಲೆ ಇನ್ನೊಂದು ತಿಂಗಳೂ ಬಿಡಬೇಡ, ಕಮ್ಮಿ ಬಡ್ಡಿಗೆ ಎಲ್ಲಿ ಸಿಗುತ್ತೋ ಅಲ್ಲಿ ತಗೊಂಡು ತೀರಿಸು ಅಂತ. ಅವನ ಹೆಂಡ್ತಿ ಸಂಘದಲ್ಲಿ ವರ್ಷಕ್ಕೆ 12 ಪರ್ಸೆಂಟಿಗೆ ಸಾಲ ಸಿಕ್ತು, ಆಗಸ್ಟ್ 5ಕ್ಕೆ ಪೂರ್ತಿ 50,182 ಕಟ್ಟಿದ. ಆಗಸ್ಟ್ 20ರ ಬಿಲ್‌ನಲ್ಲಿ ಮತ್ತೆ ಒಂದು ಸಾವಿರದ ಹತ್ರ ಬಂತು, ಜುಲೈ 20ರಿಂದ ಕಟ್ಟಿದ ದಿನದ ತನಕದ ಬಡ್ಡಿ ಮತ್ತು ಅದರ ಜಿಎಸ್‌ಟಿ. ಇದನ್ನ ಮುಂಚೇನೇ ಹೇಳಿಟ್ಟಿದ್ದೆ ಅವನಿಗೆ, ಯಾಕಂದ್ರೆ ಎಲ್ಲ ತೀರ್ತು ಅಂತ ಆ ಬಿಲ್ ನೋಡದೇ ಬಿಟ್ಟೋರು ಅದೊಂದು ಸಣ್ಣ ಮೊತ್ತಕ್ಕೆ ಮತ್ತೆ ಲೇಟ್ ಫೀ ಹಾಕಿಸ್ಕೊಳ್ತಾರೆ. ನೀವೂ ಬಾಕಿ ತೀರಿಸೋ ದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಇವತ್ತಿನ ತನಕದ ಬಡ್ಡಿ ಸೇರಿಸಿ ಎಷ್ಟು ಕಟ್ಟಬೇಕು ಅಂತ ಕೇಳಿ ಅಷ್ಟು ಕಟ್ಟಿ, ಮುಂದಿನ ತಿಂಗಳ ಸ್ಟೇಟ್‌ಮೆಂಟ್ ತೆಗೆದು ಬಾಕಿ ಸೊನ್ನೆ ಅಂತ ಇದೆಯಾ ನೋಡಿ.