ಬೋರ್ಗುಂಡ್ ಚರ್ಚ್ ಮಾಡೆಲ್: ಏಳು ವಾರದ ನಂತರ ಚೌಕಟ್ಟು ನಿಂತಿತು

ನಾರ್ವೆಯ ಹಳೆಯ ಮರದ ಚರ್ಚೊಂದರ ಪುಟ್ಟ ಮಾಡೆಲ್ ಕಟ್ಟುತ್ತಿದ್ದೇನೆ. ನಿನ್ನೆ ರಾತ್ರಿ ಟೇಬಲ್ ಫ್ಯಾನನ್ನು ಮೂರರಲ್ಲಿ ಹಾಕಿ ಅದರ ಚೌಕಟ್ಟಿನ ಎದುರಿಗಿಟ್ಟೆ. ಅಲುಗಲಿಲ್ಲ! ಗೋಂದಿಲ್ಲ, ಮೊಳೆಯಿಲ್ಲ, ಬರೀ ಮರಕ್ಕೆ ಮರ. ಮಲಗಿದ್ದವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಕಂಬಗಳ ಕೆಳಗೆ ಮಲಗಿಸುವ ಅಡಿ ತೊಲೆ, ಕಂಬ, ಗೋಡೆ ಹಲಗೆಯ ಕೆಲಸ ಸಲೀಸಾಗಿ ಮುಗಿಯಿತು, ಅದನ್ನು ಬಿಡುತ್ತೇನೆ. ನನ್ನನ್ನು ಇಷ್ಟು ದಿನ ಕಾಡಿದ್ದು ಕಂಬ ಮತ್ತು ತೊಲೆ ಸೇರುವ ಮೂಲೆಯಲ್ಲಿ ಕೂರುವ ಬಾಗಿದ ಬ್ರಾಕೆಟ್. 1:50 ಅಳತೆಯಲ್ಲಿ ಒಂದೊಂದೂ ಉಗುರಿನಷ್ಟು.

ಅಷ್ಟು ಚಿಕ್ಕದಕ್ಕೆ ಇಷ್ಟು ರಗಳೆ ಯಾಕೆ ಅಂತೀರಾ? ನಾರ್ವೆಯ ಲೆರ್ಡಾಲ್ ಕಣಿವೆಯ ಈ ಹಳ್ಳಿ ಚರ್ಚನ್ನು ಕಟ್ಟಿದ್ದು 1180ರ ಸುಮಾರಿಗೆ. ಅದಕ್ಕೂ ಹಿಂದಿನ ಚರ್ಚುಗಳಲ್ಲಿ ಕಂಬವನ್ನು ನೆಲದಲ್ಲೇ ಹೂಳುತ್ತಿದ್ದರು. ಕಂಬ ಗಟ್ಟಿಯಾಗಿ ನಿಲ್ಲುತ್ತಿತ್ತು, ಆದರೆ ಬುಡ ಕೊಳೆಯುತ್ತಿತ್ತು. ಆಮೇಲಿನ ಬಡಗಿಗಳು ಕಲ್ಲಿನ ಪಾಯ ಹಾಕಿ, ಅದರ ಮೇಲೆ ಅಡಿ ತೊಲೆ ಮಲಗಿಸಿ, ತೊಲೆಯ ಮೇಲೆ ಕಂಬ ನಿಲ್ಲಿಸಿದರು. ತೇವದ ಕಾಟ ತಪ್ಪಿತು. ಆದರೆ ಕಂಬದ ಬುಡವನ್ನು ಹಿಡಿದುಕೊಳ್ಳಲು ಈಗ ಮಣ್ಣಿಲ್ಲವಲ್ಲ, ಗಾಳಿಗೆ ಇಡೀ ಚೌಕಟ್ಟು ವಾಲುತ್ತದೆ. ಅದನ್ನು ತಡೆಯುವುದು ಕಂಬಗಳನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಜೋಡಿ ತೊಲೆ, ಅವುಗಳ ನಡುವಿನ ಎಕ್ಸ್ ಆಕಾರದ ಪಟ್ಟಿ, ಮತ್ತೆ ಈ ಬ್ರಾಕೆಟ್. ಎಂಟುನೂರು ವರ್ಷದಿಂದ ಆ ಹಿಡಿತ ಸಡಿಲವಾಗಿಲ್ಲ.

ಮೊದಲು ಗಟ್ಟಿ ಮರ ಅಂತ ನಂಬಿ ಆನ್‌ಲೈನ್‌ನಲ್ಲಿ ಎರಡು ಮಿಲಿಮೀಟರ್ ಹಲಗೆ ತರಿಸಿದೆ. ಬಂದಿದ್ದು ಪ್ಲೈವುಡ್. ಅಂಚಿಗೂ ಬಣ್ಣ ಬಳಿದಿದ್ದರಿಂದ ಪದರ ಕಂಡಿರಲಿಲ್ಲ. ಬಾಗು ಕೊಯ್ಯುತ್ತಿದ್ದ ಹಾಗೇ ಬಿಚ್ಚಿಕೊಂಡಿತು. ವಾಪಸ್ ತಗೊಳ್ಳಿ ಅಂದರೆ, ಕತ್ತರಿಸಿದ ಮೇಲೆ ಆಗಲ್ಲ ಅಂದರು. ಕತ್ತರಿಸದೆ ಒಳಗಿರುವುದು ಗೊತ್ತಾಗುವುದು ಹೇಗೆ ಸ್ವಾಮಿ?

ಆಮೇಲೆ ಚನ್ನಪಟ್ಟಣದಿಂದ ಆಲೆ ಮರದ ತುಂಡು ತಂದೆ. ಕಂಬಗಳು ಬೆಣ್ಣೆಯ ಹಾಗೆ ಬಂದವು. ಬ್ರಾಕೆಟ್ ಮಾತ್ರ ಇಲ್ಲ. ಮರದ ಎಳೆ ನೇರ, ಬ್ರಾಕೆಟ್ ಬಾಗು. ಬಾಗಿನ ತುದಿಯಲ್ಲಿ ಎಳೆ ಅಡ್ಡಡ್ಡ ತುಂಡಾಗಿರುತ್ತೆ, ಬೆರಳಲ್ಲಿ ಒತ್ತಿದರೆ ಟಿಕ್. ನಲವತ್ತರಲ್ಲಿ ಮೂವತ್ತೊಂದು ಮುರಿದವು. ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟು ಬಗ್ಗಿಸಿದೆ. ಬೆಳಗಾಗುವಷ್ಟರಲ್ಲಿ ಮತ್ತೆ ನೆಟ್ಟಗಾಗಿದ್ದವು.

ದಾರಿ ಸಿಕ್ಕಿದ್ದು ಚರ್ಚಿನೊಳಗೆ ಹತ್ತಿರದಿಂದ ತೆಗೆದ ಒಂದು ಫೋಟೊದಲ್ಲಿ. ನಿಜವಾದ ಬ್ರಾಕೆಟ್‌ನಲ್ಲಿ ಎಳೆಯೂ ಬಾಗಿನ ಜೊತೆಗೇ ತಿರುಗುತ್ತೆ! ಕಾಂಡ ಬೇರಿನ ಕಡೆ ಹೊರಳುವ ಬುಡದ ಭಾಗದಿಂದಲೇ ಅದನ್ನು ತೆಗೆಯುತ್ತಿದ್ದರು. ಮರ ತಾನೇ ಬಗ್ಗಿದ್ದನ್ನು ಇವರು ಹುಡುಕಿ ತಂದರು. ನಮ್ಮ ತಾತ ನೇಗಿಲಿಗೆ ಬಾಗಿದ ಜಾಲಿಯನ್ನೇ ಹುಡುಕಿಕೊಂಡು ಅಲೆಯುತ್ತಿದ್ದದ್ದು ತಟ್ಟನೆ ನೆನಪಾಯಿತು. ಅದನ್ನು ಕಣ್ಣಾರೆ ಕಂಡವನು ನಾನು.

ಹಿತ್ತಿಲಲ್ಲಿ ಸೀಬೆ ಮರ ಇದೆ. ಕ್ಯಾಟರ್‌ಬಿಲ್ಲಿಗೆ ಕವೆ ಹುಡುಕಿದ ಹಾಗೇ ಹುಡುಕಿದೆ, ಕೈಯಲ್ಲಿ ಮೂಲೆಮಟ್ಟ ಹಿಡಿದುಕೊಂಡು. ತೊಂಬತ್ತು ಡಿಗ್ರಿಗೆ ಹತ್ತಿರದ ಕವಲೇ ಬೇಕು. ಕೊಯ್ದ ತುದಿಗಳಿಗೆ ಮೇಣ ಹಚ್ಚಿ ಎರಡು ವಾರ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಬಿರುಕು ಬಿಡುತ್ತೆ. ನಡುವಿನ ಮೆದು ತಿರುಳು ಬರದ ಹಾಗೆ ತೆಳ್ಳಗೆ ಸೀಳಿ, ಒಳಬಾಗನ್ನು ಉಪ್ಪುಕಾಗದದಲ್ಲಿ ಉಜ್ಜಿ. ಮೊದಲನೆಯದನ್ನು ಎಷ್ಟು ಒತ್ತಿದರೂ ಮುರಿಯಲಿಲ್ಲ, ಬೆರಳಿಗೇ ಗುರುತು ಬಿತ್ತು.

ಈ ಚರ್ಚಿನ ಮೆಟ್ಟಿಲು ಮೆಟ್ಟಿಲು ಚಾವಣಿ ನೋಡುವಾಗೆಲ್ಲ ಮೂಡಬಿದಿರೆ ಕಣ್ಮುಂದೆ ಬರುತ್ತೆ. 1430ರ ಸಾವಿರ ಕಂಬದ ಬಸದಿ, ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳು ಮರ. ಮುಂದಿನ ಮಾಡೆಲ್ ಅದೇ, ಅಳತೆ ತಗೊಳ್ಳೋಕೆ ಮಳೆ ನಿಂತ ಮೇಲೆ ಹೋಗುತ್ತೇನೆ. ಕಲ್ಲಿನ ಭಾಗಕ್ಕೆ ಬಳಪದ ಕಲ್ಲೇ ಆಗಬೇಕು ಅಂತ ಆಸೆ.

ಚರ್ಚಿನ ಮಾಡೆಲ್‌ನಲ್ಲಿ ಇನ್ನೂ ಕತ್ತರಿಯಂತೆ ಕೂಡುವ ಜಂತಿಗಳು, ಚಾವಣಿಗೆ ಹೊದಿಸುವ ಮರದ ಬಿಲ್ಲೆಗಳು, ನಾಲ್ಕು ಡ್ರ್ಯಾಗನ್ ತಲೆ ಬಾಕಿ ಇವೆ. ನಾರ್ವೆಯ ಆ ಚರ್ಚಿನ ಹೊರಮೈಗೆ ಪೈನ್ ಮರದ ಟಾರು ಬಳಿಯುತ್ತಾರೆ. ಇಷ್ಟು ಸಣ್ಣ ಬಿಲ್ಲೆಗಳಿಗೆ ಅದನ್ನು ತೆಳ್ಳಗೆ ಬಳಿದು ನೋಡಿದವರು ಇದ್ದರೆ ದಯವಿಟ್ಟು ಹೇಳಿ. ವಾಯವ್ಯ ಮೂಲೆಯ ಒಂದು ಬ್ರಾಕೆಟ್‌ನಲ್ಲಿ ಕೂದಲೆಳೆಯಷ್ಟು ಸಂದಿ ಇದೆ. ಭಾನುವಾರ ಇನ್ನೊಂದು ಕವಲು ಕೊಯ್ಯಬೇಕು.