ಈ ಅರುವತ್ತು ಎಲ್ಲಿಂದ ಬಂತು?

“ಮೊದಲ ವರ್ಷ ಯಂತ್ರದ ಸಾಮರ್ಥ್ಯದಲ್ಲಿ ಶೇಕಡಾ ಅರುವತ್ತು ಬಳಕೆ ಎಂದು ಬರೆದಿದ್ದೀರಿ. ಈ ಅರುವತ್ತು ಎಲ್ಲಿಂದ ಬಂತು ಅಮ್ಮಾ?”

ರೊಟ್ಟಿ ಉದ್ದಿಮೆಗೆ ಸಾಲ ಕೇಳಲು ಹೋದಾಗ ಬ್ಯಾಂಕಿನ ವ್ಯವಸ್ಥಾಪಕರು ಕೇಳಿದ್ದು ಇಷ್ಟೇ. ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಮೇಜಿನ ಮೇಲಿದ್ದ ಯೋಜನಾ ವರದಿ ನೋಡಿದಳು. “ಅದು ನನಗೆ ಗೊತ್ತಿಲ್ಲ ಸಾಹೇಬರೇ, ಬರೆದವರನ್ನೇ ಕೇಳಬೇಕು” ಎಂದಳು.

ಮಂಗಳವಾರದಿಂದ ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ರೊಟ್ಟಿಯ ವಿಷಯದಲ್ಲಿ ಚಿಗವ್ವನ ಬಾಯಿಂದ “ಗೊತ್ತಿಲ್ಲ” ಎಂಬ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನವಲಗುಂದದ ಕಡೆಯ ಎರೆಹೊಲದ ಬಿಳಿಜೋಳ, ಹಿತ್ತಲಿನ ಒಲೆಗಳು, ಓಣಿಯ ನಾಲ್ಕು ಜನ ಹೆಂಗಸರು. ಇಷ್ಟರಲ್ಲೇ ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳಿಗೆ ಅವಳ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವರ್ಷಗಳಿಂದ ಹೋಗುತ್ತಿವೆ. ಈಗ ಒಂದು ಶೆಡ್ ಕಟ್ಟಿ, ರೊಟ್ಟಿ ಯಂತ್ರ ಹಾಕಿ, ಅದನ್ನೊಂದು ಸಂಸ್ಥೆಯಾಗಿ ನಡೆಸಬೇಕೆಂಬುದು ಅವಳ ಆಸೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶೇ 35ರಷ್ಟು ಸಹಾಯಧನವಿದೆ. ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸುತ್ತದೆ, ಒಟ್ಟು 15 ಲಕ್ಷ ರೂಪಾಯಿಯ ಮಿತಿಯೊಳಗೆ. ಆದರೆ ಆ ಹಣ ನೇರವಾಗಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಪ್ರತ್ಯೇಕವಾಗಿ ಉಳಿದು, ಮೂರು ವರ್ಷ ಉದ್ದಿಮೆ ನಡೆದು ಕಂತುಗಳೂ ಸರಿಯಾಗಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಮೂರು ವರ್ಷ ಉಸಿರು ಹಿಡಿದು ನಿಲ್ಲುವ ಲೆಕ್ಕ ಮೊದಲೇ ಕೈಯಲ್ಲಿರಬೇಕು. ಯೋಜನಾ ವರದಿ ಇರುವುದೇ ಅದಕ್ಕೆ.

ಇಂಥ ವರದಿಗೆ ನೆರವಾಗಲೆಂದೇ ಈ ಯೋಜನೆಯಡಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರ ಸಂಭಾವನೆಯನ್ನು ಸರ್ಕಾರವೇ ಕೊಡುತ್ತದೆ. ಚಿಗವ್ವನ ಗಂಡ, ನಮ್ಮ ಕಾಕಾನಿಗೆ, ಅಷ್ಟು ತಾಳ್ಮೆ ಇರಲಿಲ್ಲ. ಯಾರೋ ಹೇಳಿದರೆಂದು ನಗರದ ಸಲಹೆಗಾರನೊಬ್ಬನಿಗೆ ದುಡ್ಡು ಕೊಟ್ಟು ಬರೆಸಿದರು. ಅವನು ಚಿಗವ್ವನಿಗೆ ಫೋನು ಮಾಡಿದ್ದು ಆಧಾರ್ ಪ್ರತಿ ಮತ್ತು ಯಂತ್ರದ ದರಪಟ್ಟಿ ಕೇಳಲು ಮಾತ್ರ. ವರದಿಯ ಕಚ್ಚಾವಸ್ತುಗಳ ಪಟ್ಟಿಯಲ್ಲಿ ಜೋಳದ ಹಿಟ್ಟಿನ ಕೆಳಗೆ ಯೀಸ್ಟ್ ಇತ್ತು, ಅದರ ಕೆಳಗೆ ವನಸ್ಪತಿ. ಯಾವುದೋ ಬೇಕರಿಯ ವರದಿಯಲ್ಲಿ ಹೆಸರು ತಿದ್ದಿ ಕೊಟ್ಟಿದ್ದ. ಮೊದಲ ವರ್ಷ ಶೇ 60, ಎರಡನೆಯ ವರ್ಷ 70, ಮೂರನೆಯ ವರ್ಷ 80. ಇಂಥ ಸಿದ್ಧ ವರದಿಗಳಲ್ಲಿ ಬೇಕರಿಗೂ ಇದೇ ಮೆಟ್ಟಿಲು, ಇಟ್ಟಿಗೆ ಭಟ್ಟಿಗೂ ಇದೇ ಮೆಟ್ಟಿಲು. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ. ಕಂತು ತಪ್ಪಿದರೆ ಬ್ಯಾಂಕಿನ ನೋಟಿಸು ಬರುವುದು ಚಿಗವ್ವನ ಬಾಗಿಲಿಗೆ, ಅವನ ಬಾಗಿಲಿಗಲ್ಲ.

ವ್ಯವಸ್ಥಾಪಕರು ಒಳ್ಳೆಯವರು. ಸಹಿ ಹಾಕಿಸಿಕೊಂಡು ಕಡತ ಮುಂದೆ ತಳ್ಳಬಹುದಿತ್ತು, ಇಲ್ಲವೇ ಅಲ್ಲಿಯೇ ತಿರಸ್ಕರಿಸಬಹುದಿತ್ತು. ಎರಡನ್ನೂ ಮಾಡದೆ ವರದಿ ಮುಚ್ಚಿಟ್ಟು, “ಹಾಗಾದರೆ ನಿಮಗೆ ಗೊತ್ತಿರುವುದನ್ನು ಹೇಳಿ” ಎಂದರು.

ಚಿಗವ್ವ ಹೇಳತೊಡಗಿದಳು. ಈಗ ದಿನಕ್ಕೆ 700 ರೊಟ್ಟಿ ಹೋಗುತ್ತವೆ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದರೆ ಖಾನಾವಳಿಯ ಬೇಡಿಕೆ ಅರ್ಧಕ್ಕೆ ಇಳಿಯುತ್ತದೆ, ಆದರೆ ಅದೇ ಹೊತ್ತಿಗೆ ಮದುವೆಗಳು ಬರುತ್ತವೆ. ಮದುವೆಯವರು ಅರ್ಧ ದುಡ್ಡು ಮುಂಗಡ ಕೊಡುತ್ತಾರೆ, ಖಾನಾವಳಿಯವರು ವಾರಕ್ಕೊಮ್ಮೆ, ದೊಡ್ಡ ಅಂಗಡಿಯವರು ಒಂದೂವರೆ ತಿಂಗಳು ಸತಾಯಿಸಿ. ಮಳೆಗಾಲದಲ್ಲಿ ಖಡಕ್ ರೊಟ್ಟಿ ಥಂಡಿ ಹಿಡಿದು ಮೆತ್ತಗಾಗುತ್ತದೆ, ಆಗ ವಾಪಸು ಬರುವುದೂ ಉಂಟು. ಹತ್ತಿ ಬಿಡಿಸುವ ಕಾಲಕ್ಕೆ ಹೊಲದಲ್ಲಿ ಕೂಲಿ ಹೆಚ್ಚು ಸಿಗುವುದರಿಂದ ರೊಟ್ಟಿ ಬಡಿಯಲು ಹೆಂಗಸರು ಬರುವುದಿಲ್ಲ. “ಅದಕ್ಕೇ ಸಾಹೇಬರೇ ಯಂತ್ರ ಬೇಕಿರುವುದು. ಹೆಂಗಸರನ್ನು ಬಿಡಿಸುವುದಕ್ಕಲ್ಲ, ಅವರು ಬಾರದ ದಿನ ಒಲೆ ಆರಬಾರದು ಎಂದು.”

ಒಮ್ಮೆಯೂ ತಡವರಿಸಲಿಲ್ಲ. ವ್ಯವಸ್ಥಾಪಕರು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದರು. ಕೊನೆಗೆ ಹೇಳಿದ್ದು: “ಇದನ್ನೇ ಬರೆದುಕೊಂಡು ಬನ್ನಿ.”

ಬರೆಯಲು ಕುಳಿತಾಗ ತೊಡಕು ಗೊತ್ತಾಯಿತು. ಅವಳಿಗೆ ಗೊತ್ತಿರುವುದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ಹಳೆಯ ವರದಿಯಲ್ಲಿ “ಹಿಟ್ಟಿನ ದಾಸ್ತಾನು: 30 ದಿನ” ಎಂದಿತ್ತು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿ ಅಂಚಿನಿಂದ ಹರಿಯುತ್ತದೆ. ಚಿಗವ್ವ ವಾರಕ್ಕಿಂತ ಹೆಚ್ಚು ಹಿಟ್ಟು ಇಡುವುದೇ ಇಲ್ಲ. ಅದೇ ಜೋಳವನ್ನಾದರೆ ಸುಗ್ಗಿ ಮುಗಿದು ದರ ಇಳಿದಾಗ ವರ್ಷಕ್ಕಾಗುವಷ್ಟು ಹಿಡಿದಿಡಬೇಕು. ಅಂದರೆ ದೊಡ್ಡ ಗಂಟು ಬೇಕಾಗುವುದು ಫೆಬ್ರವರಿ-ಮಾರ್ಚ್‌ನಲ್ಲಿ, ಒಮ್ಮೆಗೇ. ಸಣ್ಣ ಉದ್ದಿಮೆಗಳ ದುಡಿಯುವ ಬಂಡವಾಳಕ್ಕೆ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣಕ್ಕೆ, ಬ್ಯಾಂಕುಗಳು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ ಹಿಡಿಯುತ್ತವೆ: ಅಂದಾಜು ವಾರ್ಷಿಕ ವಹಿವಾಟಿನ ಶೇ 25 ಬೇಕು, ಅದರಲ್ಲಿ ವಹಿವಾಟಿನ ಶೇ 20ರಷ್ಟು ಬ್ಯಾಂಕಿನದು, ಶೇ 5 ಉದ್ದಿಮೆದಾರರದು. ಹಾಕಿದ ದುಡ್ಡು ವರ್ಷಕ್ಕೆ ನಾಲ್ಕು ಸಲ ತಿರುಗಿ ಬರುತ್ತದೆ ಎಂಬುದು ಅದರ ಒಳಗಿನ ನಂಬಿಕೆ. ವರ್ಷಕ್ಕೊಮ್ಮೆ ಬೆಳೆಯುವ ಹಿಂಗಾರಿ ಜೋಳದ ಮೇಲೆ ನಿಂತ ಕಸುಬಿನಲ್ಲಿ ದುಡ್ಡು ಹಾಗೆ ತಿರುಗುವುದಿಲ್ಲ. ಆದ್ದರಿಂದ ಹನ್ನೆರಡು ತಿಂಗಳಿಗೂ ಬೇರೆ ಬೇರೆ ಸಾಲು ಹಾಕಿ, ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಅವಳು ಹೇಳಿದಂತೆ ತುಂಬಿದೆವು. ಮೊದಲ ವರ್ಷದ ಸಾಮರ್ಥ್ಯ ಶೇ 60 ಅಲ್ಲ, 45ಕ್ಕೆ ಬಂದು ನಿಂತಿತು. ಈಗ ಯಾರು ಕೇಳಿದರೂ ಆ ಸಂಖ್ಯೆ ಎಲ್ಲಿಂದ ಬಂತೆಂದು ಅವಳು ಹೇಳಬಲ್ಲಳು.

“ಎಲ್ಲಿಂದ ಬಂತು” ಎಂಬ ಆ ಪ್ರಶ್ನೆಯನ್ನು ನಾನು ಎಲ್ಲದಕ್ಕೂ ಕೇಳತೊಡಗಿದ್ದೇನೆ. ನಮ್ಮಲ್ಲಿ ಎಷ್ಟೊಂದು ಹೆಣ್ಣುಮಕ್ಕಳು ತಾವು ಓದದ ಲೆಕ್ಕದ ಕೆಳಗೆ ಸಹಿ ಮಾಡಿ ಸಾಲಗಾರರಾಗುತ್ತಿದ್ದಾರೆ! ಓದಲು ಬಾರದೆಂದಲ್ಲ. ಚಿಗವ್ವ ಏಳನೆಯ ಇಯತ್ತೆ ಓದಿದವಳು, ಬಡ್ಡಿ ಲೆಕ್ಕ ಬಾಯಲ್ಲೇ ಹಾಕುತ್ತಾಳೆ. ಆದರೆ ವರದಿ ಇಂಗ್ಲಿಷಿನಲ್ಲಿತ್ತು, ಯಾರೂ ಅದನ್ನು ಅವಳೆದುರು ಬಿಡಿಸಿ ಓದಿರಲಿಲ್ಲ. ಕಸುಬಿನ ಬುದ್ಧಿಯೆಲ್ಲ ಅವಳದು, ಕಾಗದ ಮಾತ್ರ ಪರರದು.

ಕೂಲಿಯ ಸಾಲಿಗೆ ಬಂದಾಗ ಇನ್ನೊಂದು ಮಾತು ಎದ್ದಿತು. ನಾಲ್ಕು ಜನರ ಕೂಲಿ ಬರೆಸಿ ಅವಳು ಸುಮ್ಮನಾದಳು.

“ನಿನ್ನ ಪಗಾರ ಎಷ್ಟು ಬರೆಯಲಿ ಚಿಗವ್ವಾ?”

“ನನಗೆಂಥ ಪಗಾರ? ನನ್ನದೇ ಅಲ್ಲವೇನು ಎಲ್ಲ?”

ನಸುಕಿನಲ್ಲಿ ಎದ್ದು ಎಸರಿಡುವವಳು, ರಾತ್ರಿ ರೊಟ್ಟಿ ಎಣಿಸಿ ಕಟ್ಟುವವಳು ಅವಳೇ. ಅವಳ ದುಡಿಮೆಯನ್ನು ಸೊನ್ನೆ ಎಂದು ಹಿಡಿದು ತೋರಿಸಿದ ಲಾಭ ಲಾಭವೇ ಅಲ್ಲ. ಅವಳಿಗೆ ಜ್ವರ ಬಂದು ಮಲಗಿದರೆ ಆ ಕೆಲಸಕ್ಕೆ ಬೇರೆಯವರಿಗೆ ಕೊಡಬೇಕಾದದ್ದು ಎಷ್ಟೋ ಅಷ್ಟನ್ನು ತಿಂಗಳ ಪಗಾರವೆಂದು ಬರೆದೆ. ಕಂತು ಮತ್ತು ಬಡ್ಡಿ ಕಟ್ಟುವ ಶಕ್ತಿಯನ್ನು ತೋರಿಸುವ ಅನುಪಾತ ಹಳೆಯ ವರದಿಯಲ್ಲಿ 2.4 ಇದ್ದದ್ದು 1.6ಕ್ಕೆ ಇಳಿಯಿತು. ಬ್ಯಾಂಕಿನವರು ಸಾಮಾನ್ಯವಾಗಿ 1.5ರ ಆಸುಪಾಸು ನೋಡುತ್ತಾರೆ, ಆದ್ದರಿಂದ ನನಗೆ ಅಂಜಿಕೆಯಿಲ್ಲ.

ಕಾಕಾ ಒಪ್ಪುತ್ತಿಲ್ಲ. ಪಗಾರದ ಸಾಲು ತೆಗೆದರೆ ಲಾಭ ಚೆನ್ನಾಗಿ ಕಾಣುತ್ತದೆ, ಸಾಲ ಬೇಗ ಆಗುತ್ತದೆ ಎಂಬುದು ಅವರ ವಾದ. ಚಿಗವ್ವ ನಿನ್ನೆಯವರೆಗೆ ಅವರ ಕಡೆಯೇ ಇದ್ದಳು. ಇಂದು ಬೆಳಿಗ್ಗೆ ಫೋನು ಮಾಡಿ, ಪಗಾರದ ಸಾಲು ಇರಲಿ, ಸೋಮವಾರ ಬ್ಯಾಂಕಿನಲ್ಲಿ ಕೇಳಿದರೆ ತಾನೇ ಉತ್ತರ ಕೊಡುತ್ತೇನೆ ಎಂದು ಹೇಳಿದ್ದಾಳೆ.