ಗ್ವೆನಪ್ ಗುಂಡಿಯ ಹುಲ್ಲಿನ ಮೆಟ್ಟಿಲು

ರೆಡ್‌ರೂತ್ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಜಿನುಗುತ್ತಿತ್ತು. ಇದು ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್. ನಮ್ಮ ಕೆಜಿಎಫ್ ಗಣಿಗಳಿಗೆ ಇಲ್ಲಿಂದ ಎಷ್ಟೋ ಜನ ಬಂದಿದ್ದರು. ತಾತ ಅವರ ಜೊತೆ ಕೆಲಸ ಮಾಡಿದವರು. ಭಾನುವಾರ ಅವರು ಹಾಡುವುದು ರಸ್ತೆಗೆ ಕೇಳುತ್ತಿತ್ತು ಎಂದು ಹೇಳುತ್ತಿದ್ದರು. ಆ ಹಾಡು ಹುಟ್ಟಿದ ನೆಲ ನೋಡಬೇಕೆಂದೇ ಬಂದೆ.

ಬಸ್ವೀಲ್‌ವರೆಗೆ ನಡೆದೇ ಹೋದೆ. ಅಲ್ಲಿದೆ ಗ್ವೆನಪ್ ಪಿಟ್. ಗಣಿ ತೋಡಿ ತೋಡಿ ನೆಲ ಕುಸಿದು ಆದ ಗುಂಡಿ ಅನ್ನುತ್ತಾರೆ. 1762ರ ಸೆಪ್ಟೆಂಬರ್‌ನಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಹುಟ್ಟುಹಾಕಿದ ಉಪದೇಶಕ ಜಾನ್ ವೆಸ್ಲಿ ಬಂದಾಗ ಗಾಳಿ ಜೋರಾಗಿತ್ತು. ಎಂದಿನ ಜಾಗದಲ್ಲಿ ನಿಂತು ಮಾತಾಡಲು ಆಗಲಿಲ್ಲ, ಈ ಗುಂಡಿಗೆ ಬಂದರು. ಆಮೇಲೆ 1789ರವರೆಗೆ ಒಟ್ಟು 18 ಸಲ ಇಲ್ಲೇ ಉಪದೇಶ ಮಾಡಿದರು. 1773ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, 32,000 ಜನ ಸೇರಿದ್ದರೆಂದು ದಿನಚರಿಯಲ್ಲಿ ಬರೆದರು. ನನಗೆ ಲೆಕ್ಕ ಸ್ವಲ್ಪ ಜಾಸ್ತಿ ಅನ್ನಿಸಿತು. ಆದರೆ ಸುತ್ತಲಿನ ಬಯಲಲ್ಲೂ ಜನ ತುಂಬಿದ್ದರಂತೆ.

ಈಗಿನ ದುಂಡನೆಯ ಮೆಟ್ಟಿಲುಗಳು 1806ರವು. ವೆಸ್ಲಿ ತೀರಿಹೋದ ಮೇಲೆ ಊರಿನವರು ಮಾಡಿಸಿದ್ದು. ಹುಲ್ಲು ನೆನೆದಿತ್ತು, ಪ್ಯಾಂಟು ಒದ್ದೆಯಾಯಿತು, ಆದರೂ ಕೂತೆ. ತಳದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಅಮ್ಮನ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಮೇಲಿನ ಮೆಟ್ಟಿಲಿಗೆ ಒಂದೊಂದು ಮಾತೂ ಕೇಳಿಸಿತು. ಮೈಕಿಲ್ಲದ ಕಾಲಕ್ಕೆ ಇಷ್ಟು ಸಾಕಿತ್ತು, ಅಲ್ವಾ?

ಆದರೆ ಈ ಉಪದೇಶದಿಂದ ಎದ್ದ ಭಕ್ತಿಯ ಜಾಗೃತಿಯನ್ನು ಉಳಿಸಿದವರು ವೆಸ್ಲಿ ಒಬ್ಬರೇ ಅಲ್ಲ. ಊರಿನ ಕೂಲಿಯವರು. ಚಿಕ್ಕ ಚಿಕ್ಕ ಗುಂಪುಗಳಾಗಿ ವಾರವಾರ ಸೇರುತ್ತಿದ್ದರು. ತವರ, ತಾಮ್ರ ಅಗೆದು ಮೇಲೆ ಬಂದವನೇ ನಾಲ್ಕು ಜನರ ಮುಂದೆ ಎದ್ದು ಮಾತಾಡುತ್ತಿದ್ದ. ಎಲ್ಲೂ ಬಾಯಿ ಬಿಡಲು ಅವಕಾಶವಿಲ್ಲದವನಿಗೆ ಅದೆಷ್ಟು ದೊಡ್ಡದು! 1814ರಲ್ಲಿ ಕಾರ್ನ್‌ವಾಲ್‌ನ ಚಾಪೆಲ್‌ಗಳಲ್ಲಿ ಅಂದರೆ ಚಿಕ್ಕ ಪ್ರಾರ್ಥನಾ ಮಂದಿರಗಳಲ್ಲಿ, ದೊಡ್ಡ ಜಾಗೃತಿಯೇ ಎದ್ದಿತು. ಅಳು, ಹಾಡು, ಪ್ರಾರ್ಥನೆ.

ಹತ್ತಿರದ ಟ್ವೆಲ್ವ್‌ಹೆಡ್ಸ್ ಹಳ್ಳಿಯ ಬಿಲ್ಲಿ ಬ್ರೇ ನನಗೆ ತುಂಬಾ ಇಷ್ಟ. ಗಣಿ ಕೆಲಸದವನು, ಮೊದಲು ಕುಡುಕ. 1823ರಲ್ಲಿ ಬದಲಾದ. ಖುಷಿಯಾದರೆ ಕುಣಿದೇಬಿಡುತ್ತಿದ್ದ. ಗಣಿ ಕೆಲಸ ಮುಗಿಸಿ ಬಂದು, ತನ್ನ ಕೈಯಿಂದಲೇ ಕಲ್ಲು ಹೊತ್ತು ಚಾಪೆಲ್‌ಗಳನ್ನು ಕಟ್ಟಿದ. ಅವುಗಳಲ್ಲೊಂದಾದ, ಮೂರು ಕಿಟಕಿಯ 'ತ್ರೀ ಐಸ್' ಚಾಪೆಲ್ ಕೆರ್ಲಿ ಡೌನ್ಸ್‌ನಲ್ಲಿ ಈಗಲೂ ಇದೆ. ಹೊತ್ತಾಯಿತು, ಅಲ್ಲಿಗೆ ಹೋಗಲಾಗಲಿಲ್ಲ.

ಹೊರಡುವಾಗ ತಾತನ ನೆನಪಾಯಿತು. ತಳಕ್ಕಿಳಿದು, ಅವರು ಗುನುಗುತ್ತಿದ್ದ ರಾಗವೊಂದನ್ನು ಮೆಲ್ಲಗೆ ಹಾಡಿದೆ. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಆ ಹುಡುಗಿ ತಿರುಗಿ ನೋಡಿದಳು.